ಸಾಲಗಾರನ ಹತ್ತು ಕುದುರೆ

ಅಲ್ಲಾ ರಾಯರೇ, ನಿಮ್ಮ ಮೊಮ್ಮಗ ಬೆಳಗ್ಗಿಂದ ಜಗುಲಿ ಮೇಲೆ ಕೂತು ಒಂದೇ ಲೆಕ್ಕ ಹೊಡೆದು ಹೊಡೆದು ಹಾಕ್ತಿದ್ದ. ಕಾಂಪೌಂಡ್ ಮೇಲಿಂದಲೇ ಇಣುಕಿ ನೋಡ್ದೆ. ಐದು ಮೈನಸ್ ಎರಡು ಎಕ್ಸ್ ಈಕ್ವಲ್ ಟು ಹನ್ನೊಂದು. ಐದನ್ನ ಆ ಕಡೆ ಸಾಗಹಾಕಿ ಆರು ಬರೆದಿದ್ದ, ಅದು ಸರಿ. ಆಮೇಲೆ ಎಕ್ಸ್ ಹಿಂದಿದ್ದ ಮೈನಸ್ ಎರಡನ್ನೂ ಎತ್ತಿ ದಾಟಿಸಿ, ಪ್ಲಸ್ ಎರಡು ಮಾಡಿ, ಎಕ್ಸ್ ಎಂಟು ಅಂದ್ಬಿಟ್ಟ. ಪುಸ್ತಕದ ಹಿಂದಿನ ಉತ್ತರ ಮೈನಸ್ ಮೂರು.

ಕೇಳಿದ್ರೆ, "ಪಕ್ಷಾಂತರ ಮಾಡಿದ್ರೆ ಚಿಹ್ನೆ ಬದಲಾಗ್ಬೇಕಲ್ವಾ ತಾತ?" ಅಂತಾನೆ. ಹುಡುಗನ್ನ ಬೈಬೇಡಿ, ಆ ಮಂತ್ರ ಕಲಿಸಿದವರನ್ನ ಬೈಯಿರಿ. ಅಲ್ಲಿ ಯಾವುದೂ ಎಲ್ಲಿಗೂ ಹೋಗಲ್ಲ. ಈ ಕಡೆ ಐದು ಕಳೆದ್ವಿ, ಆ ಕಡೇನೂ ಐದು ಕಳೆದ್ವಿ, ಅಷ್ಟೆ. ಮೈನಸ್ ಎರಡು ಎಕ್ಸನ್ನ ಗುಣಿಸಿಕೊಂಡು ಕೂತಿದೆ. ಬಿಡಿಸಬೇಕಾದ್ರೆ ಎರಡೂ ಕಡೆ ಮೈನಸ್ ಎರಡರಿಂದ ಭಾಗಿಸ್ಬೇಕು. ಮೈನಸ್ ಮೂರು ತಾನಾಗೇ ಬರುತ್ತೆ.

ತಾಳೆ ನೋಡೋ ಅಂದೆ. ನೋಡ್ದ. ಐದರಿಂದ ಮೈನಸ್ ಆರು ಕಳೆದ್ರೆ ಹನ್ನೊಂದು. "ಕಳೆದ್ರೆ ಜಾಸ್ತಿ ಹೇಗಾಗುತ್ತೆ?" ಅಂತ ತಕರಾರು ತೆಗೆದ. ನಂಗೆ ಖುಷಿಯಾಯ್ತು ನೋಡಿ. ಇದೇ ತಕರಾರಿಗೆ ಇಂಗ್ಲೆಂಡಿನ ಫ್ರಾನ್ಸಿಸ್ ಮ್ಯಾಸೆರೆಸ್ ಅನ್ನೋ ವಕೀಲ 1758ರಲ್ಲಿ ಒಂದು ಪುಸ್ತಕವನ್ನೇ ಬರೆದ. ನಮ್ಮ ಬ್ರಹ್ಮಗುಪ್ತ 628ರಲ್ಲೇ ಕೂಡಿದ್ರೆ ಹೀಗೆ, ಕಳೆದ್ರೆ ಹೀಗೆ ಅಂತ ಧನಕ್ಕೂ ಋಣಕ್ಕೂ ನಿಯಮ ಮಾಡಿಟ್ಟಿದ್ದ. ಋಣ ಅಂದ್ರೆ ಸಾಲ ತಾನೆ? ಸಾಲ ಕಳೀತು ಅಂದ್ರೆ ಆಸ್ತಿ ಏರ್ತು ಅಂತಲೇ ಅರ್ಥ.

ಆಮೇಲೆ ಅವನಿಗೆ ಭಾಸ್ಕರಾಚಾರ್ಯರ ಬೀಜಗಣಿತದ ಕುದುರೆ ಲೆಕ್ಕ ಕೊಟ್ಟೆ. ಹನ್ನೆರಡನೇ ಶತಮಾನದ್ದು. ಒಬ್ಬನ ಹತ್ರ ನಗದು 300, ಆರು ಕುದುರೆ. ಇನ್ನೊಬ್ಬನ ಹತ್ರ ಅದೇ ಬೆಲೆಯ ಹತ್ತು ಕುದುರೆ, ಮೇಲೆ 100 ಸಾಲ. ಇಬ್ಬರ ಆಸ್ತಿ ಸಮ. ಕುದುರೆ ಬೆಲೆ ಎಷ್ಟು? ಗೊತ್ತಿಲ್ಲದ ಬೆಲೆಗೆ ಆಚಾರ್ಯರು "ಯಾ" ಅಂತ ಬರೀತಾರೆ, ಯಾವತ್ತಾವತ್ ಅನ್ನೋದರ ಮೊದಲಕ್ಷರ. ಸಾಲದ ಅಂಕಿಯ ತಲೆ ಮೇಲೊಂದು ಚುಕ್ಕೆ. ಒಬ್ಬನ ಲೆಕ್ಕ ಮೇಲಿನ ಸಾಲಲ್ಲಿ, ಇನ್ನೊಬ್ಬನದು ಕೆಳಗಿನ ಸಾಲಲ್ಲಿ.

ಇಬ್ಬರಿಗೂ ನೂರು ನೂರು ಕೊಡು ಅಂದೆ. ಸಾಲಗಾರನ ಸಾಲ ತೀರ್ತು, ಮೊದಲನೆಯವನ ಹತ್ರ 400 ಆಯ್ತು. ಇಬ್ಬರಿಂದಲೂ ಆರಾರು ಕುದುರೆ ಹೊಡ್ಕೊಂಡು ಹೋಗು. ಇಲ್ಲಿ 400, ಅಲ್ಲಿ ನಾಲ್ಕು ಕುದುರೆ. "ನೂರು!" ಅಂತ ಕೂಗ್ದ. ನಿಮ್ಮ ಮನೆಯವರು ಏನಾಯ್ತೋ ಅಂತ ಆಚೆ ಬಂದ್ರು, ಪಾಪ.

ಈಗ ಕೇಳಿ. ಕಿಲಾಡಿ ನಿಮ್ಮ ಮೊಮ್ಮಗ. ಸಾಲ ಮೊದಲನೆಯವನಿಗೂ ನಗದು ಎರಡನೆಯವನಿಗೂ ಅದಲು ಬದಲು ಮಾಡಿ ತಾನೇ ಬಿಡಿಸ್ದ. ಆರು ಕುದುರೆ ಮೈನಸ್ 100, ಹತ್ತು ಕುದುರೆ ಪ್ಲಸ್ 300. ಕುದುರೆ ಬೆಲೆ ಮೈನಸ್ 100 ಬಂತು! ಒಂದು ತಪ್ಪಿಲ್ಲ ಲೆಕ್ಕದಲ್ಲಿ. "ಹಾಗಾದ್ರೆ ತಾತ, ಕುದುರೆ ಕೊಟ್ಟು ಮೇಲೆ ನೂರು ರೂಪಾಯೀನೂ ಕೊಡ್ಬೇಕಾ? ಅಂಥ ವ್ಯಾಪಾರ ಉಂಟಾ?" ಅಂದ. ಸಮೀಕರಣಕ್ಕೇನು, ಅದು ಸಂತೆ ಕಂಡಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡುತ್ತೆ ಅಂದೆ. ಒಪ್ಪಲಿಲ್ಲ. ಕೊನೆಗೆ ನಿಮ್ಮನ್ನೇ ಕೇಳು ಅಂತ ಕಳಿಸಿದೀನಿ ರಾಯರೇ. ಶೆಡ್ಡಲ್ಲಿ ಆ ಹಳೇ ಸ್ಕೂಟರ್ ಇಟ್ಕೊಂಡಿರೋರು ನೀವು ತಾನೆ, ಮೈನಸ್ ಬೆಲೆ ನಿಮಗಲ್ಲದೆ ಇನ್ಯಾರಿಗೆ ಗೊತ್ತಿರುತ್ತೆ?