ಎಂಟು ಡಾಲರ್ ರಾಯರು

ವಾಷಿಂಗ್ಟನ್ ಸೀಮೆಯ ಕಾವೇರಿಯಾಗಲಿ, ಅಟ್ಲಾಂಟಾದ ನೃಪತುಂಗ ಕನ್ನಡ ಕೂಟವಾಗಲಿ, ರಾಲೀ ಕಡೆಯ ಸಂಪಿಗೆಯಾಗಲಿ, ಯುಗಾದಿ ಊಟಕ್ಕೆ ಹೋದರೆ ಎಂಟು ಡಾಲರ್ ರಾಯರೊಬ್ಬರು ಸಿಕ್ಕೇ ಸಿಗುತ್ತಾರೆ. 1965ರ ವಲಸೆ ಕಾನೂನು ಬಾಗಿಲು ತೆರೆದ ಮೇಲೆ ಬಂದಿಳಿದ ತಲೆಮಾರು ಅದು. ಆಗ ಓದಲು ಹೊರಟ ಹುಡುಗರಿಗೆ ನಮ್ಮ ಸರ್ಕಾರ ಬಿಡುತ್ತಿದ್ದ ವಿದೇಶಿ ಹಣ 8 ಡಾಲರ್. ರಾಯರು ಅದನ್ನು ಇಂದಿಗೂ ಲೆಕ್ಕ ಒಪ್ಪಿಸುತ್ತಲೇ ಇದ್ದಾರೆ.

ಜರಿಪಂಚೆ, ಶಲ್ಯ, ಲ್ಯಾನ್‌ಹ್ಯಾಮ್‌ನ ಶಿವ-ವಿಷ್ಣು ದೇವಸ್ಥಾನದಲ್ಲಿ ವರ್ಷಕ್ಕೊಂದು ಅಭಿಷೇಕ. ಇಂಥವರ ಬಾಯಲ್ಲಿ ಹಂದಿಮಾಂಸದ ಮಾತೇ ಎಂದು ನೀವು ಬೆರಗಾಗಬೇಕು. ಅದಕ್ಕೇ ಅವರು ಹೇಳುವುದು.

ಹೊಸದಾಗಿ ಬಂದ ಸಾಫ್ಟ್‌ವೇರ್ ಹುಡುಗನೊಬ್ಬ, "ಇಲ್ಲಿ ಒಳ್ಳೇ ಹೋಳಿಗೆ ಸಿಗಲ್ಲ ಅಂಕಲ್" ಎಂದರೆ ಮುಗಿಯಿತು.

"ಹೋಳಿಗೆ! ನಾನು ಬಂದಾಗ ಏನು ಸಿಗ್ತಿತ್ತು ಗೊತ್ತೇನಯ್ಯಾ? ಸ್ಪ್ಯಾಮು! ಡಬ್ಬಿ ಹಂದಿಮಾಂಸ!"

ಮುಂದಿನ ಕಥೆ ಅವರ ಶ್ರೀಮತಿಯವರು ಎಲ್ಲಿ ಕೂತಿದ್ದಾರೆ ಎಂಬುದರ ಮೇಲೆ ನಿಂತಿದೆ. ಆಕೆ ಪಕ್ಕದಲ್ಲೇ ಇದ್ದರೆ ತಿಂದವನು ರೂಮ್‌ಮೇಟು. ರಾಯರು ಕಿಟಕಿ ತೆಗೆದು ಮೂಗು ಮುಚ್ಚಿಕೊಂಡವರು. ಆಕೆ ಮೊಸರನ್ನಕ್ಕೆಂದು ಎದ್ದರೆ, "ಒಂದೇ ಒಂದು ಚೂರು, ಗೊತ್ತಿಲ್ದೇ ತಿಂದ್ಬಿಟ್ಟೆ." ಆಕೆ ಸಭಾಂಗಣದ ಆ ತುದಿಯಲ್ಲಿ ಸೀರೆಯ ಮಾತಿಗೆ ನಿಂತರೋ, ಪೂರ್ತಿ ಡಬ್ಬಿ ಹೊರಬರುತ್ತದೆ, 12 ಔನ್ಸೂ.

ಆಗ ನೋಡಬೇಕು ರಾಯರ ಕೈಗಳನ್ನು. ಡಬ್ಬಿಯ ಜೊತೆಗೇ ಬರುತ್ತಿದ್ದ ಪುಟ್ಟ ಕೀಲಿ, ಅದಕ್ಕೆ ಸಿಕ್ಕಿಸಿದ ತಗಡಿನ ಪಟ್ಟಿ, ಸುತ್ತಿ ಸುತ್ತಿ ಬಿಡಿಸುವಾಗ ಬೆರಳು ಕೊಯ್ಯದಂತೆ ವಹಿಸುವ ಎಚ್ಚರ, ಎಲ್ಲವನ್ನೂ ಗಾಳಿಯಲ್ಲಿ ಮಾಡಿ ತೋರಿಸುತ್ತಾರೆ. ಮೇಲಿನ ಲೋಳೆ. ಬೋರಲು ಹಾಕಿದರೆ ಪಚಕ್ ಎಂದು ಜಾರಿ ಬೀಳುವ ನಸುಗೆಂಪು ಗಟ್ಟಿ. ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ಈರುಳ್ಳಿ ಜೊತೆ ಅಂಚು ಕರುಕಲಾಗುವ ತನಕ ಹುರಿದು, ಅದರ ಮೇಲೆ ಊರಿಂದ ತಂದ ಹುಳಿಪುಡಿ.

"ಅಮ್ಮನ ಹುಳಿಪುಡಿ ಬಿದ್ದ ಮೇಲೆ ಎಲ್ಲಾ ಹುಳೀನೇ ಬಿಡಪ್ಪಾ!"

ಯಾರಾದರೂ ಮುಖ ಸಿಂಡರಿಸಿದರೆ ರಾಯರು ಇತಿಹಾಸಕ್ಕೆ ಕೈಹಾಕುತ್ತಾರೆ. ಮಿನ್ನೆಸೋಟದ ಆಸ್ಟಿನ್ ಊರಿನ ಹಾರ್ಮೆಲ್ ಕಂಪನಿ 1937ರಲ್ಲಿ ಇದನ್ನು ತಂದದ್ದು, ಮಹಾಯುದ್ಧದಲ್ಲಿ ಹಡಗುಗಟ್ಟಲೆ ರಷ್ಯಾಕ್ಕೆ ಹೋದದ್ದು, ಇದಿಲ್ಲದಿದ್ದರೆ ನಮ್ಮ ಸೈನ್ಯಕ್ಕೆ ಉಣಿಸುವುದೇ ಕಷ್ಟವಿತ್ತೆಂದು ಸ್ವತಃ ಕ್ರುಶ್ಚೇವ್ ಬರೆದುಕೊಂಡದ್ದು. ಸ್ಟಾಲಿನ್‌ಗ್ರಾಡಿನ ಸೈನಿಕನಿಗೂ ಕಾಲೇಜ್ ಪಾರ್ಕಿನ ಎಂ.ಎಸ್. ವಿದ್ಯಾರ್ಥಿಗೂ ಒಂದೇ ಪಡಿತರ!

ಕೆರೊಲಿನಾದ ರಾಯರು ಇನ್ನೂ ಒಂದು ಹೆಜ್ಜೆ ಮುಂದೆ. ಅವರದು ಲಿವರ್‌ಮಷ್. ಹಂದಿಯ ಪಿತ್ತಜನಕಾಂಗ, ತಲೆಮಾಂಸ, ಮುಸುಕಿನ ಜೋಳದ ಹಿಟ್ಟು ಸೇರಿಸಿ ಬೇಯಿಸಿ ಅಚ್ಚು ಹಾಕಿದ್ದು. ಶೆಲ್ಬಿ ಊರಿನಲ್ಲಿ ಅದಕ್ಕೊಂದು ಜಾತ್ರೆಯೇ ಉಂಟು. "ಜೋಳದ ಹಿಟ್ಟಿತ್ತು ಕಣ್ರೀ, ಅರ್ಧ ಸಸ್ಯಾಹಾರ" ಎಂಬುದು ಅವರ ವಾದ. ಮೂಲ ಧಾರವಾಡದ ಕಡೆಯಾದ್ದರಿಂದ ಜೋಳ ಕಂಡಲ್ಲಿ ನಂಬಿಕೆ.

ರಾಯರ ಬಾಯಿ ಕಟ್ಟುವವರು ಸಸ್ಯಾಹಾರಿಗಳಲ್ಲ, ಕೊಡಗಿನವರು. ಕಾಚಂಪುಳಿ ಹಾಕಿದ ಪಂದಿಕರಿ, ಪಕ್ಕದಲ್ಲಿ ಕಡುಂಬುಟ್ಟು ಇಟ್ಟುಕೊಂಡು ಬೆಳೆದ ಡಾಕ್ಟರೊಬ್ಬರು ಕಥೆಯನ್ನೆಲ್ಲ ಕೇಳಿ, "ಅದನ್ನ ಹಂದಿ ಅಂತ ಯಾಕೆ ಲೆಕ್ಕ ಹಾಕ್ತೀರಿ ರಾಯರೇ? ನಿಮ್ಮ ಜಾತಿಗೇನೂ ಆಗಿಲ್ಲ, ಸುಮ್ನಿರಿ" ಎನ್ನುತ್ತಾರೆ. ಅರ್ಧ ಶತಮಾನ ಹೊತ್ತು ತಿರುಗಿದ ಪಾಪವನ್ನು ಹೀಗೆ ಒಂದೇ ಮಾತಿನಲ್ಲಿ ಕಿತ್ತುಕೊಂಡರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ! ರಾಯರು ಅಂದು ಪಾಯಸ ಎರಡನೇ ಸಲ ಹಾಕಿಸಿಕೊಳ್ಳುವುದಿಲ್ಲ.

ಇಷ್ಟೆಲ್ಲ ಗುಟ್ಟು ಯಾರಿಂದ? ಮದುವೆಯಾಗಿ ಬಂದ ವಾರದಲ್ಲೇ ಶ್ರೀಮತಿಯವರು ಅಡುಗೆಮನೆಯಲ್ಲಿ ಮೂಲೆಗಳು ದುಂಡಗಿದ್ದ ಚೌಕದ ತಗಡಿನ ಡಬ್ಬಿಗಳ ಸಾಲು ನೋಡಿದ್ದರು. ಒಂದರಲ್ಲಿ ಸಾಸಿವೆ, ಒಂದರಲ್ಲಿ ಜೀರಿಗೆ, ಒಂದರಲ್ಲಿ ಅದೇ ಹುಳಿಪುಡಿ. ಎಲ್ಲವನ್ನೂ ಎತ್ತಿ ಬಿಸಾಡಿದವರೂ ಆಕೆಯೇ. ಇವತ್ತಿನವರೆಗೂ ಒಂದು ಮಾತು ಆಡಿಲ್ಲ, ಕೇಳುವ ಹೆಂಗಸರ ಮುಂದೆ ಬಿಟ್ಟು.

ಆದ್ದರಿಂದ, ಓದುಗ ಮಹಾಶಯರೇ, ಪೂರ್ತಿ ಕಥೆ ಬೇಕಿದ್ದರೆ ಮುಂದಿನ ಯುಗಾದಿಗೆ ರಾಯರನ್ನು ಬಿಟ್ಟು ಅವರ ಮನೆಯವರ ಪಕ್ಕದಲ್ಲಿ ಎಲೆ ಹಾಕಿಸಿಕೊಳ್ಳಿ.