ತುರುಬು ನೋಡಿ ನಾಣ್ಯ ಕೊಳ್ಳಿ

ರೋಮನ್ ನಾಣ್ಯ ಕೂಡಿಡುವವರಲ್ಲಿ ಎರಡು ಪಂಗಡ. ಚಕ್ರವರ್ತಿಗಳ ಹಿಂದೆ ಬಿದ್ದವರು ಗಂಭೀರ ಜನ. ಯುದ್ಧ, ಇಸವಿ, ಬಿರುದು ಅಂತ ಕೊರೆಯುತ್ತಾರೆ. ಚಕ್ರವರ್ತಿನಿಯರ ಹಿಂದೆ ಬಿದ್ದವರು ಭೂತಗನ್ನಡಿ ಹಿಡಿದು ತುರುಬು ನೋಡುತ್ತಾರೆ. ನನ್ನ ಓಟು ಎರಡನೆಯವರಿಗೆ.

ತಮಾಷೆಯಲ್ಲ, ಹೆಸರು ಸವೆದ ನಾಣ್ಯವನ್ನೂ ತಲೆ ನೋಡಿ ಗುರುತಿಸಬಹುದು. ಹಿರಿಯ ಫೌಸ್ಟೀನಾಳ ಜಡೆ ನೆತ್ತಿಯ ಮೇಲೆ ಸುತ್ತಿಕೊಂಡಿರುತ್ತದೆ. ಮಗಳದು ಹಿಂದಲೆಯಲ್ಲಿ ಗಂಟು. ಜೂಲಿಯಾ ಡೊಮ್ನಾಳದಂತೂ ಕುತ್ತಿಗೆವರೆಗೆ ಇಳಿದ ಅಲೆಅಲೆ ಕೂದಲು. ವಿಗ್ ಇದ್ದೀತೆಂದು ವಿದ್ವಾಂಸರ ಗುಮಾನಿ.

ಹಿರಿಯ ಫೌಸ್ಟೀನಾ ತೀರಿಕೊಂಡ ಮೇಲೆ ಗಂಡ ಆಂಟೊನೈನಸ್ ಪಯಸ್ ಅವಳನ್ನು ದೇವತೆ ಮಾಡಿ ರಾಶಿರಾಶಿ ನಾಣ್ಯ ಹೊಡೆಸಿದ. ಹಾಗಾಗಿ ಇವತ್ತಿಗೂ ಸಂಗ್ರಾಹಕರ ಕೈಗೆಟುಕುವ ದೇವತೆ ಈಕೆ.

ನನಗೆ ಅಚ್ಚುಮೆಚ್ಚು ಮಾತ್ರ ಪ್ಲಾಟಿಲ್ಲಾಳ ಒಂದು ಬೆಳ್ಳಿ ದಿನಾರಿಯಸ್. ಹಿಂಬದಿಯಲ್ಲಿ ಅವಳೂ ಗಂಡ ಕರಾಕಲ್ಲನೂ ಕೈ ಹಿಡಿದು ನಿಂತಿದ್ದಾರೆ. ಸುತ್ತ ಲ್ಯಾಟಿನ್‌ನಲ್ಲಿ ‘ಶಾಶ್ವತ ಸಾಮರಸ್ಯ’. ಮದುವೆ 202ರಲ್ಲಿ, ಗಡೀಪಾರು 205ರಲ್ಲಿ! ಮಾವ ಕಣ್ಮುಚ್ಚಿದ್ದೇ ತಡ, ಗಂಡ ಅವಳನ್ನು ಕೊಲ್ಲಿಸಿಯೇಬಿಟ್ಟ. ನಮ್ಮ ಲಗ್ನಪತ್ರಿಕೆಗಳೂ ಇಷ್ಟು ಸುಳ್ಳು ಹೇಳುವುದಿಲ್ಲ.

ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ಚಕ್ರವರ್ತಿ ಟೈಬೀರಿಯಸನ ದಿನಾರಿಯಸ್ ಸಿಕ್ಕಿವೆ. ಅವನ ನಾಣ್ಯಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ ಕಾಣುವ, ಕೂತ ಹೆಂಗಸು ಅವನ ತಾಯಿ ಲಿವಿಯಾ ಎಂದು ಹಲವರ ಮತ. ಹೊಲ ಉಳುವಾಗ ನಿಮಗೂ ಇಂಥದ್ದು ಸಿಕ್ಕರೆ ತುರುಬು ನೋಡಿ ಖುಷಿಪಡಿ, ಆಮೇಲೆ ಸರ್ಕಾರಕ್ಕೆ ತಿಳಿಸಿ. ನೆಲದಲ್ಲಿ ಸಿಕ್ಕ ನಿಧಿಯನ್ನು ಬಚ್ಚಿಟ್ಟುಕೊಳ್ಳುವುದು ಅಪರಾಧ.