ಮೂವತ್ತಾರೂವರೆ ಗಂಟೆಯ ಶನಿವಾರ

ನಮ್ಮ ಮನೆಯವರಿಗೆ ಶನಿವಾರ ಒಪ್ಪತ್ತು. ಇಂಥವರನ್ನು ಶನಿವಾರ ಅಮೆರಿಕದ ವಿಮಾನ ಹತ್ತಿಸಬಾರದು ಅನ್ನುವುದು ಟಿಕೆಟ್ ಮಾಡಿಸಿದ ಮಗಳಿಗೆ ಹೊಳೆಯಲಿಲ್ಲ. ಅವಳ ಕಣ್ಣಿಗೆ ಬಿದ್ದದ್ದು ಅಗ್ಗದ ದರ. ಬೆಂಗಳೂರಿನಿಂದ ಬೆಳಗಿನ ಜಾವ ನಾಲ್ಕಕ್ಕೆ ಹೊರಟು, ದೋಹಾದಲ್ಲಿ ವಿಮಾನ ಬದಲಿಸಿ, ಮತ್ತೆ ಹದಿನಾರು ಗಂಟೆ ಕೂತರೆ ಸ್ಯಾನ್ ಫ್ರಾನ್ಸಿಸ್ಕೋ. ಜೂನ್ ತಿಂಗಳಲ್ಲಿ ಆ ಊರು ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಅಲ್ಲಿಗೆ ನಮ್ಮ ಶನಿವಾರ ಮೂವತ್ತಾರೂವರೆ ಗಂಟೆಯದಾಯಿತು. ಅಷ್ಟಕ್ಕೂ ಒಂದೇ ಊಟ.

ದೇವನಹಳ್ಳಿ ಬಿಟ್ಟು ಗಂಟೆಯಾಗಿರಲಿಲ್ಲ, ತಿಂಡಿ ಬಂತು. ಏಷ್ಯನ್ ವೆಜ್ ಎಂದು ಮುಂಚೆಯೇ ಬರೆಸಿದವರಿಗೆ ಎಲ್ಲರಿಗಿಂತ ಮೊದಲು ಕೊಡುತ್ತಾರೆ. ಅಕ್ಕಪಕ್ಕದವರು ನೋಡುತ್ತಿರುವಾಗ ಒಬ್ಬರೇ ತಿನ್ನುವ ಸಂಕೋಚ ನನಗೆ, ಇವರಿಗೆ ಅದೇನಿಲ್ಲ.

"ರೀ, ಇವತ್ತು ಶನಿವಾರ ಅಲ್ವಾ?"

"ವಾರ ಬದಲಾಗೋದು ಸೂರ್ಯೋದಯಕ್ಕೆ ಕಣೇ, ಗಡಿಯಾರದ ಹನ್ನೆರಡಕ್ಕಲ್ಲ. ಇದಿನ್ನೂ ಶುಕ್ರವಾರ," ಎಂದು ಉಪ್ಪಿಟ್ಟಿಗೆ ಕೈ ಹಾಕಿದರು. ಪಂಚಾಂಗದ ಲೆಕ್ಕ ನಿಜವೇ. ಕಿಟಕಿಯ ಆಚೆ ಕತ್ತಲೂ ಇತ್ತು.

ಉಪ್ಪಿಟ್ಟು ಸಪ್ಪೆ. ಅಡುಗೆಯವರನ್ನು ಬೈದು ಉಪಯೋಗವಿಲ್ಲ. ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದಲ್ಲಿ ಇರುವಷ್ಟು; ಮುಳ್ಳಯ್ಯನಗಿರಿಯ ತುದಿಯಲ್ಲಿ ಕೂತು ಊಟ ಮಾಡಿದ ಹಾಗೆ. ಜೊತೆಗೆ ಮೂಗು ಒಣಗಿಸುವ ಗಾಳಿ, ಇಂಜಿನ್ನಿನ ಮೊರೆತ. ನಾಲಗೆಗೆ ಉಪ್ಪೂ ಸಿಹಿಯೂ ಅರ್ಧಂಬರ್ಧವೇ ತಾಗುತ್ತವೆ. ಚಟ್ನಿಪುಡಿ ಇದ್ದಿದ್ದರೆ! ಆದರೆ ಅಮೆರಿಕಕ್ಕೆ ಹೋಗುವ ವಿಮಾನದಲ್ಲಿ ಕೈಚೀಲದ ಪುಡಿ 350 ಮಿಲಿಲೀಟರ್ ಮೀರಿದರೆ ಬಿಚ್ಚಿಸಿ ನೋಡಬಹುದೆಂದು 2018ರಲ್ಲಿ ನಿಯಮ ಬಂದಿದೆ. ಅದಕ್ಕೆ ಹೆದರಿ ಡಬ್ಬಿಯನ್ನು ದೊಡ್ಡ ಸೂಟ್‌ಕೇಸಿಗೆ ಸೇರಿಸಿದ್ದೆ. ಅದು ಕಾಲಡಿಯಲ್ಲೇ, ವಿಮಾನದ ಹೊಟ್ಟೆಯೊಳಗೆ ಪ್ರಯಾಣ ಮಾಡುತ್ತಿತ್ತು.

ದೋಹಾದಲ್ಲಿ ಇಳಿದರೆ ಬಾಗಿಲಲ್ಲೇ ಗಾಲಿಕುರ್ಚಿಗಳ ಸಾಲು. ನಮ್ಮ ವಿಮಾನದಿಂದ ಇಳಿದ ಅಪ್ಪ ಅಮ್ಮಂದಿರಲ್ಲಿ ಎಷ್ಟೋ ಮಂದಿ ಅದರಲ್ಲಿ ಕೂತರು. ನಡೆಯಲಾಗದೆ ಅಲ್ಲ. ಇಂಗ್ಲಿಷಿನ ಭಯ, ಗೇಟ್ ತಪ್ಪಿದರೆ ಅನ್ನುವ ಭಯ, ಮಕ್ಕಳ ಮುಂಜಾಗ್ರತೆ ಎಲ್ಲ ಸೇರಿ ಆ ಕುರ್ಚಿಯಾಗಿದೆ. ನಡುವಿನ ಅಂಗಳದಲ್ಲಿ ತಲೆಗೆ ದೀಪ ಸಿಕ್ಕಿಸಿಕೊಂಡ ಹಳದಿ ಕರಡಿಯೊಂದಿದೆ, ಎರಡಂತಸ್ತಿನ ಮನೆಯೆತ್ತರ. ಉರ್ಸ್ ಫಿಷರ್ ಅನ್ನುವ ಕಲಾವಿದನ ಕೆಲಸ. ಅದು ಕಂಡಿದ್ದೇ ತಡ, ಕುರ್ಚಿಯಲ್ಲಿದ್ದ ಹಾಸನದ ಕಡೆಯ ಹೆಂಗಸೊಬ್ಬರು ಚಂಗನೆ ಎದ್ದು, ಸೆರಗು ಸರಿಮಾಡಿಕೊಂಡು, ಕರಡಿಯ ಕಾಲ ಬಳಿ ನಾಲ್ಕು ಭಂಗಿಯಲ್ಲಿ ಫೋಟೊ ತೆಗೆಸಿಕೊಂಡರು. ಆಮೇಲೆ "ಉಸ್ಸಪ್ಪಾ" ಎಂದು ಮತ್ತೆ ಕೂತರು. ತಳ್ಳುವ ಹುಡುಗ ಇದನ್ನೆಲ್ಲ ದಿನಾ ನೋಡಿರಬೇಕು, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

ಎರಡನೆಯ ವಿಮಾನದ ಹದಿನಾರು ಗಂಟೆಯ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಪಾದ ಊದಿಕೊಂಡು ಚಪ್ಪಲಿ ಒಲ್ಲೆ ಅಂದಿತು. ಮುಂದಿನ ಸೀಟಿನ ಬೆನ್ನಿನ ನಕ್ಷೆಯಲ್ಲಿ ಪುಟ್ಟ ವಿಮಾನ ಉತ್ತರಕ್ಕೆ ಉತ್ತರಕ್ಕೆ ತೆವಳಿತು. ಹಗಲಿನ ಜೊತೆಗೇ ಹೊರಟಿದ್ದರಿಂದ ಸೂರ್ಯ ಮುಳುಗಲೇ ಇಲ್ಲ. ಆ ದಿನದ ಒಂದು ಊಟವನ್ನು ಇವರು ಮೊದಲ ಸುತ್ತಿನಲ್ಲೇ ಮುಗಿಸಿದ್ದರು. ಎರಡನೇ ಸಲ ತಟ್ಟೆ ಬಂದಾಗ ಅನ್ನವನ್ನು ನನ್ನ ಕಡೆ ತಳ್ಳಿದರು; ಹಣ್ಣು, ಬನ್ನು, ಕೇಕು ಫಲಾಹಾರದ ಲೆಕ್ಕಕ್ಕೆ ಹೋದವು. ನಾನೇನೂ ಮಾತಾಡಲಿಲ್ಲ.

ಮಗಳ ಮನೆ ಮುಟ್ಟಿದಾಗ ಸಂಜೆ ನಾಲ್ಕು, ಅದೇ ಶನಿವಾರ. ತಿಳಿಸಾರಿನ ಒಗ್ಗರಣೆಯ ಘಮ ಬಾಗಿಲಿಗೇ ಬಂದಿತ್ತು.

"ಬೆಂಗಳೂರಲ್ಲಿ ಈಗ ನಾಲ್ಕೂವರೆ, ಭಾನುವಾರ. ಬಡಿಸಮ್ಮ," ಎಂದರು ಇವರು, ಕೈ ತೊಳೆಯುತ್ತಾ.

"ಅಲ್ಲಿ ಇನ್ನೂ ಸೂರ್ಯ ಹುಟ್ಟಿಲ್ಲ ಕಣ್ರೀ," ಎಂದೆ.

ಮೊಮ್ಮಗ ಫೋನಿನಲ್ಲಿ ಬೆಂಗಳೂರಿನ ಸೂರ್ಯೋದಯ ಹುಡುಕಿ, ಹನ್ನೆರಡೂವರೆ ಗಂಟೆ ಕಳೆದು, ಸಂಜೆ ಐದೂ ಇಪ್ಪತ್ನಾಲ್ಕಕ್ಕೆ ಅಲಾರಂ ಇಟ್ಟ. ಅದು ಹೊಡೆದ ಮೇಲೆಯೇ ಇವರು ತಟ್ಟೆಯ ಮುಂದೆ ಕೂತದ್ದು. ಮೊದಲ ತುತ್ತಿಗೇ, ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದರು.